ಶೆಡ್ಡಿನಲ್ಲಿ ಮಾಡುವ ಕೆಲಸಗಳು

ಫಾರ್ಮಿನ ಏಳನೆಯ ಪ್ರಶ್ನೆಯ ಕೆಳಗೆ ಆರು ಗೆರೆಗಳಿದ್ದವು. ನಿಮ್ಮ ಗುಂಪು ಈ ಜಾಗದಲ್ಲಿ ನಡೆಸುವ ಚಟುವಟಿಕೆಗಳನ್ನು ಪಟ್ಟಿ ಮಾಡಿರಿ ಎಂದು ಅದು ಇಂಗ್ಲಿಷಿನಲ್ಲಿ ವಿನಯವಾಗಿಯೇ ಕೇಳಿತ್ತು. ಜಯತೀರ್ಥ ಪೆನ್ನಿನ ಮುಚ್ಚಳ ತೆಗೆದ, ಮತ್ತೆ ಹಾಕಿದ. ಬರೆಯುವ ಕೆಲಸ ಅವನ ಪಾಲಿಗೆ ಬಂದದ್ದು ಅವನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ. ಇಪ್ಪತ್ತಾರು ವರ್ಷ ಎಂಜಿನಿಯರ್ ಅನ್ನಿಸಿಕೊಂಡು, ಅದರಲ್ಲಿ ಕೊನೆಯ ಹದಿನೆಂಟು ವರ್ಷ ಸ್ಕ್ರೂಡ್ರೈವರ್ ಮುಟ್ಟದೆ ಬರೀ ಮೀಟಿಂಗುಗಳಲ್ಲಿ ಕೂತವನಿಗೆ ಕೊನೆಗೆ ಉಳಿದ ವಿದ್ಯೆ ಅದೊಂದೇ ಇರಬಹುದು ಎಂದು ಈಚೆಗೆ ಅವನಿಗೆ ಅನ್ನಿಸತೊಡಗಿತ್ತು. ಎದುರಿಗೆ ಡಾಕ್ಟರ್ ಚಂದ್ರಶೇಖರಪ್ಪನವರು ಕೋಟು, ಟೋಪಿ, ಮಫ್ಲರ್ ಯಾವುದನ್ನೂ ಬಿಚ್ಚದೆ ಅಧ್ಯಕ್ಷರಂತೆ ಕೂತಿದ್ದರು. ಅವರು ದಾವಣಗೆರೆಯವರು; ಮೂವತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ಜನರಿಗೆ ಅರಿವಳಿಕೆ ಕೊಟ್ಟು ನಿವೃತ್ತರಾದವರು. ಅವರ ಭಾಷಣಕ್ಕೂ ಅದೇ ಗುಣವಿದೆ ಎಂದು ಶೆಡ್ಡಿನಲ್ಲಿ ಎಲ್ಲರೂ ಅವರ ಮುಖಕ್ಕೇ ಹೇಳುತ್ತಿದ್ದರು, ಅವರೂ ನಗುತ್ತಿದ್ದರು.

ಶೆಡ್ ಎಂದರೆ ಮ್ಯಾನ್‌ಹಟನ್ನಿನ ಹೊರಗಿನ ಫ್ಲೋರಲ್ ಪಾರ್ಕ್ ಬಡಾವಣೆಯ ಒಂದು ಚರ್ಚಿನ ಹಿಂಭಾಗದ ಗರಾಜು. ಹಿಮ ತೆಗೆಯುವ ಯಂತ್ರ, ಕಾಲು ಮುರಿದ ಬೆಂಚುಗಳು, ಕ್ರಿಸ್‌ಮಸ್ಸಿನ ಪ್ಲಾಸ್ಟಿಕ್ ಕುರಿಗಳ ನಡುವೆ ನಾಲ್ಕು ಜನ ಗಂಡಸರಿಗೆ ಆಗುವಷ್ಟು ಜಾಗ. ಡಾಕ್ಟರು ಮಗಳ ಬಾಣಂತನಕ್ಕೆ ಹೆಂಡತಿಯ ಜೊತೆ ಮೆಲ್ಬರ್ನಿಗೆ ಹೋದಾಗ ಇಂಥದೊಂದನ್ನು ಕಂಡು ಬಂದಿದ್ದರು. ಅಲ್ಲಿ ವಯಸ್ಸಾದ ಗಂಡಸರು ಶೆಡ್ಡಿನಲ್ಲಿ ಸೇರಿ ಕುರ್ಚಿ ರಿಪೇರಿ ಮಾಡುತ್ತಾರಂತೆ, ಅಷ್ಟು ಹೊತ್ತು ಹೆಂಡತಿಯರ ಕಾಲಿಗೆ ತೊಡರುವುದಿಲ್ಲವಂತೆ. ಇಲ್ಲಿ ಅದಕ್ಕೆ ಕಾಲ ಕೂಡಿಬಂದದ್ದು ವಾಲ್ ಸ್ಟ್ರೀಟ್ ಕುಸಿದ ಮೇಲೆ. ಈಗ, ಎರಡು ಸಾವಿರದ ಒಂಬತ್ತರ ಮಾರ್ಚಿನಲ್ಲಿ, ಚರ್ಚಿನವರಿಗೆ ಇದ್ದಕ್ಕಿದ್ದಂತೆ ಇನ್ಶೂರೆನ್ಸಿನ ಚಿಂತೆ ಹತ್ತಿಕೊಂಡಿತ್ತು. ನೀವು ಒಳಗೆ ಏನು ಮಾಡುತ್ತೀರಿ ಎಂದು ಬರೆದುಕೊಡಿ, ಇಲ್ಲವಾದರೆ ಬೀಗದ ಕೈ ವಾಪಸು ಕೊಡಿ ಎಂದಿದ್ದರು. ಇವತ್ತು ಶನಿವಾರ ಮಧ್ಯಾಹ್ನದೊಳಗೆ ಫಾರ್ಮು ಹೋಗಬೇಕು.

"ಫಸ್ಟ್ ಲೈನ್, ಎಲೆಕ್ಟ್ರಿಕಲ್ ರಿಪೇರಿ ಅಂತ ಬರೀರಿ," ಎಂದರು ಡಾಕ್ಟರು. "ಇನ್ ಚಾರ್ಜ್, ಮಿಸ್ಟರ್ ಜಯತೀರ್ಥ, ಎಂಜಿನಿಯರ್. ಅದನ್ನ ಓದಿದ್ರೆ ಚರ್ಚಿನೋರಿಗೆ ಧೈರ್ಯ ಬರ್ತದೆ."

"ಅದು ಮೊದಲ ಬ್ಯಾಡ್ರಿ, ಡಾಕ್ಟ್ರ. ಕಟ್ಟಿಗಿ ಕೆಲಸ ಮೊದಲ ಬರೀತೇನಿ," ಎಂದ ಜಯತೀರ್ಥ. ಧಾರವಾಡದ ಮಾತು ಅವನ ಬಾಯಲ್ಲಿ ಗಟ್ಟಿಯಾಗುವುದು ಎದೆ ಹೊಡೆದುಕೊಳ್ಳುವಾಗ. ಕೇಳಿದವರಿಗೆ ಅದು ವಿನಯವಾಗಿ ಕೇಳಿಸಿರಬೇಕು, ಯಾಕೆಂದರೆ ಸ್ಟವ್ವಿನ ಹತ್ತಿರ ಚಹಾ ಕುದಿಸುತ್ತಿದ್ದ ಗಯಾಜ್ ತಿರುಗಿ ನೋಡಿ, "ಏನ್ ಸಾರ್ ನೀವು, ನಮ್ಮ ಶೆಡ್ಡಿಗೆ ಇರೋ ಹೆಸರೇ ನಿಮ್ಮಿಂದ," ಎಂದ. ಗಯಾಜ್ ಮೈಸೂರಿನವನು, ಹಿಲ್‌ಸೈಡ್ ಅವೆನ್ಯೂದಲ್ಲಿ ದಿನಸಿ ಅಂಗಡಿ ಇಟ್ಟವನು. ಅವನು ಹಾಗೆ ನೋಡಿದಾಗ ಜಯತೀರ್ಥನ ಕಣ್ಣು ತಾನಾಗಿ ಮೂಲೆಗೆ ಹೋಯಿತು. ಅಲ್ಲಿ ಹಳೆಯ ಬೆಡ್‌ಶೀಟಿನ ಕೆಳಗೆ ಗಯಾಜನ ತಾಯಿಯ ಹೊಲಿಗೆ ಯಂತ್ರ ಇತ್ತು. ಮೂರು ವಾರದಿಂದ ಅದು ಅಲ್ಲೇ ಇತ್ತು, ಮೂರು ವಾರದಿಂದ ಅವನು ಆ ಮೂಲೆಯನ್ನು ಬಿಟ್ಟು ಶೆಡ್ಡಿನ ಉಳಿದ ಎಲ್ಲ ಕಡೆ ಕಸ ಗುಡಿಸಿದ್ದ.

ಮೂರು ವಾರದ ಹಿಂದೆ, ಫೆಬ್ರವರಿಯ ಒಂದು ಶನಿವಾರ, ಅವನೇ ಮೊದಲು ಬಂದಿದ್ದ. ಮೊದಲು ಬರುವುದು ಅವನಿಗೆ ರೂಢಿಯಾಗಿತ್ತು, ಏಕೆಂದರೆ ಅಕ್ಟೋಬರಿನಲ್ಲಿ ಕೆಲಸ ಹೋದ ಮೇಲೆ ಅವನಿಗೆ ತಡವಾಗಿ ಹೋಗಲು ಬೇರೆ ಯಾವ ಜಾಗವೂ ಇರಲಿಲ್ಲ. ಆಸ್ಪತ್ರೆಯ ಲ್ಯಾಬಿಗೆ ಹೊರಟ ಹೆಂಡತಿ ಉಷಾ ಶೂ ಹಾಕಿಕೊಳ್ಳುತ್ತಾ, "ನಿಮ್ಮ ಶೆಡ್ಡು ದಿನಾ ಇರೂದಿಲ್ಲೇನು?" ಎಂದು ಕೇಳಿದ್ದಳು. ಅದರಲ್ಲಿ ಕೊಂಕಿರಲಿಲ್ಲ. ದಿನಾ ಇದ್ದಿದ್ದರೆ ಗಂಡನಿಗೆ ಒಳ್ಳೆಯದಾಗುತ್ತಿತ್ತು ಎಂಬ ಕಳಕಳಿ ಮಾತ್ರ ಇತ್ತು, ಕೊಂಕಾಗಿದ್ದರೆ ಅವನಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ಗಯಾಜ್ ರಿಪೇರಿಗೆಂದು ತಂದಿಟ್ಟ ಹೊಲಿಗೆ ಯಂತ್ರಕ್ಕೆ ಆಗಿದ್ದದ್ದು ಏನೂ ಅಲ್ಲ. ಬೆಲ್ಟು ಜಾರುತ್ತಿತ್ತು, ಎಣ್ಣೆ ಒಣಗಿತ್ತು, ಅಷ್ಟೆ. ಅವನು ಎಣ್ಣೆ ಬಿಟ್ಟ, ಬೆಲ್ಟು ಬಿಗಿ ಮಾಡಿದ. ಓಡಿಸಿ ನೋಡಬೇಕಲ್ಲ. ಊರಿನಿಂದ ತಂದ ಮಿಕ್ಸಿ, ಗ್ರೈಂಡರುಗಳಿಗೆಂದು ಶೆಡ್ಡಿನಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಇತ್ತು, ಇಲ್ಲಿನ ನೂರಹತ್ತು ವೋಲ್ಟನ್ನು ನಮ್ಮ ಇನ್ನೂರಿಪ್ಪತ್ತಕ್ಕೆ ಏರಿಸುವ ಕಬ್ಬಿಣದ ಪೆಟ್ಟಿಗೆ. ಯಂತ್ರದ ಕಪ್ಪು ಮೈಮೇಲೆ ಬಂಗಾರದ ಬಳ್ಳಿ, ಕೆಳಗೆ ಮೇಡ್ ಇನ್ ಇಂಡಿಯಾ ಎಂಬ ಹಿತ್ತಾಳೆಯ ಚೀಟಿ. ಅವನ ಅಜ್ಜಿಯ ಮನೆಯಲ್ಲಿ ಇಂಥದೇ ಇತ್ತು, ಅದರ ಗಾಲಿ ಹಿಡಿದು ತಿರುಗಿಸಿ ಬೈಸಿಕೊಂಡದ್ದು ನೆನಪಾಯಿತು. ಆ ನೆನಪಿನ ಸುಖದಲ್ಲೇ ಪ್ಲಗ್ಗನ್ನು ಟ್ರಾನ್ಸ್‌ಫಾರ್ಮರಿಗೆ ಸಿಕ್ಕಿಸಿದ. ಪ್ಲಗ್ಗಿನ ಕಾಲು ದುಂಡಗಿರಲಿಲ್ಲ, ಚಪ್ಪಟೆಯಾಗಿತ್ತು, ಇಲ್ಲಿಯದು. ಬೆರಳಿಗೆ ಅದು ಗೊತ್ತಾಗಿತ್ತು, ತಲೆಯವರೆಗೆ ಮುಟ್ಟಲಿಲ್ಲ. ಪೆಡಲ್ ಒತ್ತಿದೊಡನೆ ಯಂತ್ರ ಓಡಿತು, ಅಂಥ ಓಟ ಅವನು ಕಂಡಿರಲಿಲ್ಲ, ಸೂಜಿ ಕಣ್ಣಿಗೇ ಕಾಣದಷ್ಟು ಜೋರಾಗಿ. ತನ್ನ ಕೈಯ ಕೆಲಸಕ್ಕೆ ಅದು ಓಡುತ್ತಿದೆ ಎಂದು ಒಂದು ನಿಮಿಷ ಬಾಯಗಲಿಸಿಕೊಂಡು ನಿಂತ. ಆಮೇಲೆ ಹೊಗೆ ಬಂತು.

ಸುಟ್ಟ ಮೋಟಾರನ್ನು ತಿರುಗಿಸಿ ನೋಡಿದಾಗ ತಳದ ತಗಡಿನ ಮೇಲೆ ನೂರಹತ್ತು ವೋಲ್ಟು ಎಂದು ಸ್ಪಷ್ಟವಾಗಿ ಬರೆದಿತ್ತು. ಗಯಾಜನ ತಂದೆ ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲೇ ಊರಿನ ಮೋಟಾರು ತೆಗೆಸಿ ಇಲ್ಲಿಯದನ್ನು ಹಾಕಿಸಿದ್ದರು ಎಂದು ಆಮೇಲೆ ಮಾತಿಗೆ ಮಾತು ಬಂದು ತಿಳಿಯಿತು. ಒಬ್ಬ ಎಂಜಿನಿಯರ್ ಮೊದಲು ನೋಡಬೇಕಾದದ್ದು ಆ ತಗಡನ್ನು. ಕಾಲೇಜಿನ ಮೊದಲ ವರ್ಷದ ಹುಡುಗರೂ ನೋಡುತ್ತಾರೆ. ಅವನು ಗರಾಜಿನ ದೊಡ್ಡ ಬಾಗಿಲು ಎತ್ತಿ, ರಟ್ಟಿನ ತುಂಡಿನಿಂದ ಗಾಳಿ ಹಾಕಿ, ಹೊಗೆಯನ್ನು ಫೆಬ್ರವರಿಯ ಚಳಿಗೆ ಓಡಿಸಿದ. ಇಷ್ಟು ಚಳಿಯಲ್ಲಿ ಬಾಗಿಲು ಯಾಕೆ ತೆಗೆದಿದ್ದೀರಿ ಎಂದು ಬಂದವರು ಕೇಳಿದಾಗ ಪೇಂಟಿನ ವಾಸನೆ ಎಂದ. ಗಯಾಜ್ ಬಂದಾಗ, "ಮೋಟಾರು ಮೊದಲ ಹೋಗಿತ್ರಿ, ನಾನು ನೋಡೂದರೊಳಗ," ಎಂದ. ಗಯಾಜ್, "ಹೋಗ್ಲಿ ಬಿಡಿ ಸಾರ್, ಅದಕ್ಕೂ ವಯಸ್ಸಾಗಿತ್ತು," ಎಂದು ಅವನಿಗೇ ಸಮಾಧಾನ ಹೇಳಿದ. ಆ ಸಮಾಧಾನವನ್ನು ಜಯತೀರ್ಥ ಮನೆಗೆ ಒಯ್ದು ಮೂರು ವಾರ ಅದರ ಜೊತೆ ಮಲಗಿ ಎದ್ದಿದ್ದ.

"ಅಂಕಲ್, ನೆಟ್‌ವರ್ಕಿಂಗ್ ಅಂತ ಹಾಕಿ," ಎಂದ ವೆಂಕಟೇಶ. ಅವನು ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನು, ಮೂವತ್ತೆಂಟು. ಸೆಪ್ಟೆಂಬರಿನ ತನಕ ಮ್ಯಾನ್‌ಹಟನ್ನಿನ ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದ, ಈಗ ಹ್ಯಾರಿಸನ್ನಿನ ಹೊಸ ಅಪಾರ್ಟ್‌ಮೆಂಟಿನಿಂದ ಎರಡು ರೈಲು ಬದಲಿಸಿ ಇಲ್ಲಿಗೆ ಕಮ್ಯೂಟ್ ಮಾಡುತ್ತಾನೆ. "ರೆಸ್ಯೂಮೆ ವರ್ಕ್‌ಶಾಪ್, ಸ್ಕಿಲ್ ಬಿಲ್ಡಿಂಗ್... ದೇ ಲವ್ ದಟ್ ಸ್ಟಫ್."

"ನಮ್ಮಲ್ಲಿ ಇಬ್ರಿಗೆ ಕೆಲ್ಸ ಇಲ್ಲ, ಒಬ್ರು ರಿಟೈರ್ಡು. ನಾನು ಮಾರೋದು ಬೆಂಡೆಕಾಯಿ," ಎಂದ ಗಯಾಜ್. "ಯಾರ ಜೊತೆ ನೆಟ್‌ವರ್ಕ್ ಮಾಡ್ತೀಯ ಮಾರಾಯ? ಚಹಾ ಅಂತ ಬರೀರಿ ಸಾರ್. ನಿಜ ಹೇಳೋದು ಬೆಸ್ಟು."

"ಇಸ್ಪೀಟು?" ಎಂದ ವೆಂಕಟೇಶ.

"ಚರ್ಚಿನ ಫಾರ್ಮಿನಾಗೆ ಇಸ್ಪೀಟೇನಯ್ಯಾ!" ಡಾಕ್ಟರು ಮಫ್ಲರ್ ಸಡಿಲಿಸಿದರು. ಪ್ರತಿ ಶನಿವಾರ ಹನ್ನೊಂದಕ್ಕೆ ಎಲೆ ಹಂಚಲು ಶುರು ಮಾಡುವವರು ಅವರೇ. "ಇಂಡೋರ್ ಗೇಮ್ಸ್ ಅಂತ ಬರೀರಿ."

ಜಯತೀರ್ಥ ಬರೆಯುತ್ತಾ ಹೋದ. ಕಟ್ಟಿಗೆ ಕೆಲಸ. ಒಳಾಂಗಣ ಆಟಗಳು. ಹಳೆಯ ಬೆಂಚುಗಳ ದುರಸ್ತಿ. ಇವೆಲ್ಲ ನಿಜವೇ, ಆದರೆ ಬರೆದ ಮೇಲೆ ಯಾವುದೋ ಬೇರೆ ಗಂಡಸರು ಬೇರೆ ಶೆಡ್ಡಿನಲ್ಲಿ ಮಾಡಿದಂತೆ ಕಾಣುತ್ತಿತ್ತು. ಜನವರಿಯ ಒಂದು ಬೆಳಗ್ಗೆ ಇದೇ ವೆಂಕಟೇಶ ಹಿಮ ತೆಗೆಯುವ ಯಂತ್ರದ ಹಿಂದೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ಅತ್ತುಬಿಟ್ಟಿದ್ದ. ಡಾಕ್ಟರು ತಟಕ್ಕನೆ ಒಂದು ಹಲಗೆ ಎತ್ತಿಕೊಂಡು ಮರಳುಕಾಗದದಿಂದ ತಿಕ್ಕತೊಡಗಿದರು, ಗಯಾಜ್ ಇನ್ನೊಂದು ತುದಿ ಹಿಡಿದ, ಜಯತೀರ್ಥ ಅನಗತ್ಯವಾಗಿ ಒಂದು ಮೊಳೆ ಹೊಡೆದ. ಹದಿನೈದು ನಿಮಿಷ ಆ ಬಡಪಾಯಿ ಹಲಗೆ ಸವೆದು ಸವೆದು ಯಾವ ಕೆಲಸಕ್ಕೂ ಬಾರದಂತಾಯಿತು. ಅಷ್ಟರಲ್ಲಿ ಹುಡುಗ ಮೂಗು ಒರೆಸಿಕೊಂಡು ಬಂದು, ಟೀ ಇದೆಯಾ ಅಂಕಲ್ ಎಂದ. ಅದನ್ನು ಯಾವ ಗೆರೆಯ ಮೇಲೆ ಬರೆಯಬೇಕು? ಈ ಮೂವರನ್ನು ತಾನು ಎಷ್ಟು ಪ್ರೀತಿಸುತ್ತೇನೆ ಎಂಬುದು ಜಯತೀರ್ಥನಿಗೆ ಆಗ ಹೊಳೆದು ಹೆದರಿಕೆಯಾಯಿತು. ಮೋಟಾರು ಸುಟ್ಟವನು ಎಂದು ತಿಳಿದರೆ ಇವರು ಕ್ಷಮಿಸಬಹುದು. ಸುಳ್ಳು ಹೇಳಿದವನು ಎಂದು ತಿಳಿದರೆ? ಹೋದ ತಿಂಗಳೇ ಅವನು ಗುಟ್ಟಾಗಿ ಅದೇ ಅಳತೆಯ ಮೋಟಾರು ತರಿಸಲು ಆರ್ಡರ್ ಮಾಡಿದ್ದ. ಅದು ಬಂದರೆ ಕೂರಿಸಿ, ರಿಪೇರಿ ಮಾಡಿದೆ ಎಂದು ಹೇಳಿ, ಮೇಲಿಂದ ಶಹಭಾಸ್ ಅನ್ನಿಸಿಕೊಳ್ಳುವ ಹಂಚಿಕೆಯೂ ಇತ್ತು. ನೆನೆದರೆ ಕಿವಿ ಬಿಸಿಯಾಗುತ್ತದೆ. ನಿನ್ನೆ ಈಮೇಲ್ ಬಂತು: ಸ್ಟಾಕ್ ಇಲ್ಲ, ಜೂನ್‌ವರೆಗೆ ಕಾಯಬೇಕು. ಗಯಾಜನ ಮಗಳು ಮೆಹವಿಶಳ ನಿಕಾಹ್ ಇರುವುದು ಏಪ್ರಿಲ್ ಕೊನೆಗೆ. ಮೊಮ್ಮಗಳ ಮದುವೆಯ ಗರಾರಾವನ್ನು, ಆ ಅಗಲ ಘೇರಿನ ಉಡುಪನ್ನು, ಅಜ್ಜಿಯೇ ಹೊಲಿಯಬೇಕು. ಅವರ ಮನೆಯ ಪ್ರತಿ ಮದುಮಗಳಿಗೂ ಅವರೇ ಹೊಲಿದದ್ದು.

"ಎಂಟನೇ ಪ್ರಶ್ನೆ ಫೋನ್ ನಂಬರ್," ಎಂದರು ಡಾಕ್ಟರು ಕನ್ನಡಕ ಏರಿಸಿ. "ಒಂಬತ್ತು: ಈ ತನಕ ನಿಮ್ಮ ಚಟುವಟಿಕೆಯಿಂದ ಯಾರ ವಸ್ತುವಿಗಾದ್ರೂ ಹಾನಿ ಆಗಿದೆಯಾ? ಯೆಸ್ ಆರ್ ನೋ. ನೋ ಅಂತ ಟಿಕ್ ಹಾಕಿ, ಸೈನ್ ಮಾಡಿ, ಮುಗೀತು."

ಪೆನ್ನು ಚೌಕದ ಮೇಲೆ ನಿಂತಿತು. ಅಷ್ಟು ಸಣ್ಣ ಚೌಕ. ಹೊರಗೆ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು, ಗಯಾಜ್ ಓಡಿ ಹೋಗಿ ಪಕ್ಕದ ಬಾಗಿಲು ತೆಗೆದ. ಅವನ ಹೆಂಡತಿ ಫಿರ್ದೌಸ್ ಅತ್ತೆಯನ್ನು ಕೈಹಿಡಿದು ಒಳಗೆ ಬಿಟ್ಟು, ಕಾರು ದಾರಿಗೆ ಅಡ್ಡ ಡಬಲ್ ಪಾರ್ಕ್ ಆಗಿದೆ ಎಂದು ತಿರುಗಿ ಹೋದಳು. ಹಮೀದುನ್ನೀಸಾ ಎಪ್ಪತ್ತೇಳರ ಹೆಂಗಸು, ಬೂದು ಬಣ್ಣದ ಶಾಲಿನೊಳಗೆ ಅಷ್ಟೇ ಅಷ್ಟು. ಗಂಡಸರ ಶೆಡ್ಡಿಗೆ ಹೆಂಗಸೊಬ್ಬರು ಬಂದದ್ದು ಅದೇ ಮೊದಲು, ಡಾಕ್ಟರು ಎದ್ದು ನಿಂತು ಇಸ್ಪೀಟಿನ ಕಟ್ಟನ್ನು ಕೋಟಿನ ಜೇಬಿಗೆ ಇಳಿಸಿದರು. ಕೈ ಇರುವ ಒಂದೇ ಒಂದು ಕುರ್ಚಿಯನ್ನು ವೆಂಕಟೇಶ ತಂದಿಟ್ಟ.

"ನನ್ನ ಮಿಷನ್ ಮನೆಗೆ ತಗೊಂಡ್ ಹೋಗ್ತೀನಿ," ಎಂದರು ಹಮೀದುನ್ನೀಸಾ. "ಕೆಟ್ಟಿದ್ರೆ ಕೆಟ್ಟಿರ್ಲಿ. ಕಣ್ಣ ಮುಂದೆ ಇರ್ಲಿ." ಅವರ ಮಡಿಲಿನ ಚೀಲದಿಂದ ಕೆಂಪು ರೇಷ್ಮೆ ಹೊರಗೆ ಇಣುಕುತ್ತಿತ್ತು, ಅದಕ್ಕೆ ಚುಚ್ಚಿದ ಸೂಜಿಯೂ. ಬಲಗೈಯ ಹೆಬ್ಬೆರಳಿಗೆ ಬ್ಯಾಂಡ್‌ಏಡ್. ತೋರುಬೆರಳಿಗೆ ಇನ್ನೊಂದು. ಜಯತೀರ್ಥ ಆ ಎರಡು ಪಟ್ಟಿಗಳನ್ನು ನೋಡಿದ, ಫಾರ್ಮನ್ನು ಬೆಂಚಿನ ಮೇಲಿಟ್ಟ. ಹೇಳಬೇಕೆಂದು ತೀರ್ಮಾನಿಸಿದ ಗಳಿಗೆ ಯಾವುದೆಂದು ಆಮೇಲೆ ಎಷ್ಟು ಯೋಚಿಸಿದರೂ ಅವನಿಗೆ ಗೊತ್ತಾಗಲಿಲ್ಲ, ಬಾಯಿ ಆಗಲೇ ಮಾತಾಡುತ್ತಿತ್ತು.

"ಅಮ್ಮಾ, ನಿಮ್ಮ ಮಿಷನ್ ಕೆಟ್ಟಿರಲಿಲ್ರಿ. ನಾನ ಸುಟ್ಟೆ. ಊರಿಂದು ಅಂತ ತಿಳಕೊಂಡು ಇನ್ನೂರಿಪ್ಪತ್ತಕ್ಕ ಹಚ್ಚಿದೆ, ಮೋಟಾರು ಇಲ್ಲೀದಿತ್ತು. ನೋಡ್ಲಿಲ್ಲ. ಆಮ್ಯಾಲೆ ಗಯಾಜಗ ಸುಳ್ಳು ಹೇಳಿದೆ."

ಸ್ಟವ್ವಿನ ಮೇಲೆ ಚಹಾ ಉಕ್ಕಿತು. ಯಾರೂ ಅದರ ಕಡೆ ಹೋಗಲಿಲ್ಲ, ಕೊನೆಗೆ ವೆಂಕಟೇಶ ಹೋಗಿ ಆರಿಸಿದ. ಡಾಕ್ಟರು ಗಂಟಲು ಸರಿ ಮಾಡಿಕೊಂಡು, "ಎಲ್ಲಾರಿಗೂ ಆಗ್ತದೆ, ಥಿಯೇಟರಿನಾಗೆ ನಾನೂ ಒಂದ್ ಸಲ..." ಎಂದು ಶುರು ಮಾಡಿ, ಆ ಕಥೆ ಇಲ್ಲಿಗೆ ಬೇಡವೆನಿಸಿ ನಿಲ್ಲಿಸಿದರು.

"ಸುಟ್ಟಿದ್ದು ಹೋಗ್ಲಿ ಸಾರ್," ಎಂದ ಗಯಾಜ್. ಅವನು ಕೂಗಲಿಲ್ಲ. "ಮೂರು ವಾರ. ಅಮ್ಮಿ ಮೂರು ವಾರದಿಂದ ಕೈಯಲ್ಲಿ ಹೊಲೀತಾ ಕೂತಿದಾರೆ, ಕಣ್ಣು ಕಾಣಲ್ಲ ಅವರಿಗೆ. ಅವತ್ತೇ ಹೇಳಿದ್ರೆ ನಾನು ಯಾರತ್ರನಾದ್ರೂ ಒಂದು ಮಿಷನ್ ತಂದ್ಕೊಡ್ತಿದ್ದೆ. ನಾನೇ ಅವರಿಗೆ ಹೇಳ್ದೆ, ಜಯತೀರ್ಥ ಸಾರ್ ನೋಡಿದ ಮೇಲೆ ಮುಗೀತು, ಅವರ ಕೈಲಿ ಆಗಿಲ್ಲ ಅಂದ್ರೆ ಯಾರ ಕೈಲೂ ಆಗಲ್ಲ ಅಂತ."

ಗಯಾಜ್ ತನ್ನ ಮೇಲೆ ಹಾರಿ ಬೀಳುತ್ತಾನೆ, ಬೈಯುತ್ತಾನೆ ಎಂದೆಲ್ಲ ಮೂರು ವಾರ ಕಲ್ಪಿಸಿಕೊಂಡಿದ್ದವನಿಗೆ ಈ ತಗ್ಗಿದ ದನಿ ಕೇಳಲಾಗಲಿಲ್ಲ. ಆಫೀಸಿನ ಕೊನೆಯ ದಿನ ಎಚ್‌ಆರ್ ಹುಡುಗಿ ಟಿಶ್ಯೂ ಪೆಟ್ಟಿಗೆಯನ್ನು ಅವನ ಕಡೆ ಸರಿಸಿದ್ದಳು. ಅವನು ಅಳದೆ ಥ್ಯಾಂಕ್ಯೂ ಎಂದು ಎದ್ದು ಬಂದಿದ್ದ, ಅವನ ಮೇಲೆ ಅವಳ ಯಾವ ಋಣವೂ ಇರಲಿಲ್ಲ. ಇಲ್ಲಿ ಇತ್ತು. ಕೋಟು ತೆಗೆದುಕೊಂಡು ಹೊರಟುಬಿಡಲೇ ಎಂದು ಬಾಗಿಲ ಕಡೆ ನೋಡಿದ.

"ಓಡ್ತಾ?" ಎಂದರು ಹಮೀದುನ್ನೀಸಾ.

"ಏನ್ರಿ ಅಮ್ಮಾ?"

"ಮಿಷನ್. ಸುಡೋಕೆ ಮುಂಚೆ ಓಡ್ತಾ?"

"ಓಡ್ತು. ಒಂದು ನಿಮಿಷ. ಭಾಳ ಜೋರ ಓಡ್ತು." ಕೈ ಹೇಗೆಂದು ತೋರಿಸತೊಡಗಿತು, ಗಾಳಿಯಲ್ಲಿ ಬೆರಳು ಮೇಲೆ ಕೆಳಗೆ, ಮೇಲೆ ಕೆಳಗೆ. "ಸೂಜಿ ಕಾಣತಿದ್ದಿಲ್ರಿ. ಅಷ್ಟು ಜೋರ."

ಮುದುಕಿ ಅವನ ಬೆರಳನ್ನೇ ನೋಡುತ್ತಿದ್ದರು. ಆಮೇಲೆ ನಗತೊಡಗಿದರು, ಮೊದಲು ಭುಜ ಕುಣಿಯಿತು, ಆಮೇಲೆ ಸದ್ದು ಬಂತು. "ಯಾ ಅಲ್ಲಾ! ಗಯಾಜನ ಅಬ್ಬಾ ಇರೋವರೆಗೂ ಬೈತಿದ್ರು, ನಿನ್ನ ಮಿಷನ್ ಕತ್ತೆ ಥರ ನಡೆಯುತ್ತೆ ಅಂತ. ಒಂದು ನಿಮಿಷ ಕುದುರೆ ಆಯ್ತಲ್ಲ, ನಾನು ನೋಡ್ಲಿಲ್ಲ!" ಎಂದು ಕಣ್ಣು ಒರೆಸಿಕೊಂಡರು. ವೆಂಕಟೇಶ ನಗು ತಡೆಯಲಾಗದೆ ಪ್ಲಾಸ್ಟಿಕ್ ಕುರಿಗಳ ಕಡೆ ತಿರುಗಿ ನಿಂತ. ಗಯಾಜ್ ಮಾತ್ರ ನಗಲಿಲ್ಲ.

"ಬಾ ಇಲ್ಲಿ," ಎಂದು ಅವರು ಜಯತೀರ್ಥನನ್ನು ಕರೆದರು. ಬೆಡ್‌ಶೀಟು ತೆಗೆಸಿ, ಯಂತ್ರದ ಮರದ ಪೀಠದಲ್ಲಿ ಇದ್ದ ಪುಟ್ಟ ಮುಚ್ಚಳವನ್ನು ಉಗುರಿನಿಂದ ಸರಿಸಿದರು. ಒಳಗೆ ಬಾಬಿನ್ನುಗಳು, ಸೀಮೆಸುಣ್ಣದ ಚೂರು, ಹಳೆಯ ಬಟ್ಟೆಯಲ್ಲಿ ಸುತ್ತಿದ ಕಬ್ಬಿಣದ ಹಿಡಿ. ಮೋಟಾರು ಬರುವ ಮೊದಲು ಗಾಲಿಗೆ ಸಿಕ್ಕಿಸಿ ಕೈಯಿಂದ ತಿರುಗಿಸುತ್ತಿದ್ದ ಹಿಡಿ. ಅಷ್ಟು ದಿನದಲ್ಲಿ ಆ ಮುಚ್ಚಳವನ್ನೂ ಅವನು ತೆಗೆದು ನೋಡಿರಲಿಲ್ಲ. "ಹಾಕು. ನನಗೆ ಈ ಭುಜ ಏಳಲ್ಲ, ತಿರುಗಿಸಕ್ಕಾಗಲ್ಲ. ಮನೇಲಿ ಎಲ್ಲಾ ಕೆಲಸಕ್ಕೆ ಹೋಗ್ತಾರೆ. ನೀನು ತಿರುಗಿಸು."

ಅವನು ಸುಟ್ಟ ಮೋಟಾರನ್ನು ಬಿಚ್ಚಿ ತೆಗೆದ. ಪ್ರತಿ ಸ್ಕ್ರೂವನ್ನೂ ಎರಡೆರಡು ಸಲ ನೋಡಿದ. ಹಿಡಿ ಕೂತಿತು. ಡಾಕ್ಟರು ಯಂತ್ರವನ್ನು ಬೆಂಚಿನ ಮೇಲೆ ಬೆಳಕಿನ ಕಡೆ ಇಟ್ಟರು, ವೆಂಕಟೇಶ ಕಣ್ಣು ಕಿರಿದು ಮಾಡಿ ದಾರ ಪೋಣಿಸಿದ. ಹಮೀದುನ್ನೀಸಾ ಕೆಂಪು ರೇಷ್ಮೆಯ ಅಂಚನ್ನು ಸೂಜಿಯ ಕೆಳಗೆ ಸರಿಸಿ ತಲೆಯಾಡಿಸಿದರು. ಜಯತೀರ್ಥ ತಿರುಗಿಸಿದ. ದಾರ ತುಂಡಾಯಿತು.

"ರೈಲು ಹಿಡೀಬೇಕಾ ನಿನಗೆ? ನಿಧಾನ."

ಮತ್ತೆ ಪೋಣಿಸಿದರು. ಈ ಸಲ ಅವನು ತೀರ ನಿಧಾನ ಮಾಡಿದ, ಹೊಲಿಗೆ ಗಂಟುಗಂಟಾಯಿತು. "ಗಾಲಿ ನೋಡಬೇಡ. ನನ್ನ ಕೈ ನೋಡು," ಎಂದರು. ಅವನು ನೋಡಿದ. ಬ್ಯಾಂಡ್‌ಏಡ್ ಸುತ್ತಿದ ಎರಡು ಬೆರಳು ಬಟ್ಟೆಯನ್ನು ಒಂದಿಷ್ಟು ಮುಂದೆ ತಳ್ಳುತ್ತಿದ್ದವು, ತಿರುವು ಬಂದಾಗ ತಡೆಯುತ್ತಿದ್ದವು, ಮತ್ತೆ ತಳ್ಳುತ್ತಿದ್ದವು. ಬೆರಳು ನಿಂತಾಗ ಅವನ ಕೈ ನಿಂತಿತು, ಹೊರಟಾಗ ಹೊರಟಿತು. ಸ್ವಲ್ಪ ಹೊತ್ತಿಗೆ ಅವನಿಗೆ ಉಷಾ, ಆಫೀಸು, ಒಂಬತ್ತನೆಯ ಪ್ರಶ್ನೆ ಯಾವುದೂ ನೆನಪಿರಲಿಲ್ಲ. ಒಂದು ಮೊಳ ಅಂಚು ನೆಟ್ಟಗೆ ಮುಗಿದಿತ್ತು. ಹಿಂದೆ ಡಾಕ್ಟರು ಫಾರ್ಮನ್ನು ತಾವೇ ಎತ್ತಿಕೊಂಡು, ಯೆಸ್ ಎಂಬಲ್ಲಿ ಟಿಕ್ ಹಾಕಿ, ಪಕ್ಕದಲ್ಲಿ ಡಾಕ್ಟರ ಕೈಬರಹದಲ್ಲಿ, ಅಂದರೆ ಯಾರಿಗೂ ಓದಲಾಗದಂತೆ, ವಿವರ ಬರೆಯುತ್ತಿದ್ದರು. "ನಾಲ್ಕನೇ ಗೆರೆ ಖಾಲಿ ಐತೆ, ಹೊಲಿಗೆ ಅಂತ ಹಾಕ್ತೀನಿ," ಎಂದರು. ಎಲೆಕ್ಟ್ರಿಕಲ್ ರಿಪೇರಿಯ ಮಾತು ಅವರು ಎತ್ತಲಿಲ್ಲ. ಆ ಹೆಸರು ಹೋಯಿತು ಎಂದು ಜಯತೀರ್ಥನಿಗೆ ತಿಳಿಯಿತು. ನೋವಾಯಿತು, ಆದರೆ ಅವನ ಕೈಗೆ ಬಿಡುವಿರಲಿಲ್ಲ.

"ಇದು ಮುಗಿಯಕ್ಕೆ ಒಂದು ತಿಂಗಳು ಬೇಕು," ಎಂದರು ಹಮೀದುನ್ನೀಸಾ ದಾರ ಕಡಿಯುತ್ತಾ. "ದಿನಾ ಬರಬೇಕು. ಮನೆಗೆ. ಆಗುತ್ತಾ?"

"ಆಗ್ತದ್ರಿ," ಎಂದ.

"ನಾಳೆಯಿಂದಲೇ ಒಂಬತ್ತಕ್ಕೆ ಬಾ. ತಡ ಮಾಡಬೇಡ."

ಅವನು ತಲೆಯೆತ್ತಿ ಗಯಾಜನ ಕಡೆ ನೋಡಿದ. ಗಯಾಜ್ ಬೆನ್ನು ಹಾಕಿ, ಉಕ್ಕಿ ಬಿದ್ದ ಚಹಾವನ್ನು ಸ್ಟವ್ವಿನಿಂದ ಒರೆಸುತ್ತಿದ್ದ, ಆಗಲೇ ಸ್ವಚ್ಛವಾಗಿದ್ದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ. ಮಾತಾಡಿದಾಗಲೂ ಅವನು ತಿರುಗಲಿಲ್ಲ.

"ನಮ್ಮ ಬೀದೀಲಿ ಸಂಡೇ ಪಾರ್ಕಿಂಗ್ ಸಿಗಲ್ಲ," ಎಂದ. "ಡ್ರೈವ್‌ವೇನಲ್ಲಿ ಹಾಕಿ. ನನ್ನ ವ್ಯಾನ್ ಹೊರಗೆ ತೆಗೆದಿಟ್ಟಿರ್ತೀನಿ."